ತೊಳೆಯದ ಹರಿವೆ

ಸೀಸ, ಪಾದರಸ, ಕ್ಯಾಡ್ಮಿಯಂ, ಆರ್ಸೆನಿಕ್. ಈ ನಾಲ್ಕು ವಿಷಗಳ ದಯೆಯಿಂದಲೇ ನನ್ನ ಮನೆಯ ಒಲೆ ಇಷ್ಟು ವರ್ಷ ಉರಿದದ್ದು. ಅಕ್ಕಿ, ನೀರು, ಮಣ್ಣು, ಸೊಪ್ಪು, ಹಾಲು ಏನೇ ಬರಲಿ, ಅದರಲ್ಲಿ ಈ ಭಾರಲೋಹಗಳು ಎಷ್ಟಿವೆ ಎಂದು ಹುಡುಕುವ ಪ್ರಯೋಗಾಲಯಕ್ಕೆ ಸೇರಿದವಳು ಅಲ್ಲಿಂದಲೇ ನಿವೃತ್ತಳಾದೆ. ಈಗ ಹುಟ್ಟಿದೂರು ಶಿಕಾರಿಪುರದಲ್ಲಿ ಇದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಫೋನ್ ಮಾಡುತ್ತಾರೆ. ಎಲ್ಲರೂ ಕೇಳುವುದು ಯಂತ್ರದ ವಿಚಾರ. ಯಂತ್ರದ ವಿಚಾರ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ನಾನು ಹೇಳಬೇಕಾದದ್ದು ಬೇರೆಯೇ ಇದೆ. ಅದನ್ನು ಫೋನಿನಲ್ಲಿ ಹೇಳಲು ನಾಚಿಕೆಯಾಗುತ್ತದೆ. ಬರೆಯಲೂ ನಾಚಿಕೆಯೇ, ಆದರೆ ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲ ಎಂಬುದೊಂದು ಸಮಾಧಾನ.

ಮೊದಲು ಸಣ್ಣ ನಾಚಿಕೆಯಿಂದ ಶುರು ಮಾಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಪರೀಕ್ಷಿಸಿದ ಪ್ರತಿಯೊಂದು ಅಕ್ಕಿಯಲ್ಲೂ ಸತು ವಿಪರೀತ ಬರುತ್ತಿತ್ತು. ಯಾವ ಊರಿನದಾದರೂ ಸರಿ, ಅಂಗಡಿಯದಾದರೂ ಸರಿ. ಏನೋ ದೊಡ್ಡದು ಕಂಡುಹಿಡಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಪ್ರತಿ ಸಲವೂ ಒಂದು ಶೀಷೆಯಲ್ಲಿ ಅಕ್ಕಿ, ಸೊಪ್ಪು ಏನನ್ನೂ ಹಾಕದೆ ಬರೀ ಆಸಿಡ್ ಹಾಕಿ, ಉಳಿದ ಶೀಷೆಗಳ ಜೊತೆಗೇ ಕುದಿಸಿ ಅಳೆಯುತ್ತೇವೆ. ಖಾಲಿ ಶೀಷೆ ಅನ್ನುತ್ತೇವೆ ಅದಕ್ಕೆ. ಅದರಲ್ಲಿ ಏನಾದರೂ ಕಂಡರೆ ಅದು ಅಕ್ಕಿಯದ್ದಲ್ಲ, ಪ್ರಯೋಗಾಲಯದ ಕೊಳೆ. ನಾನು ಅದನ್ನು ಅಳೆಯುತ್ತಿದ್ದೆ, ಆದರೆ ನೋಡುತ್ತಿರಲಿಲ್ಲ. ನಮ್ಮ ಮುಖ್ಯಸ್ಥರು ನೋಡಿದರು. ನನ್ನನ್ನು ಕರೆದು, ಅಂಕಿಗಳನ್ನು ಬಿಟ್ಟು ನನ್ನ ಮುಖವನ್ನೇ ಸ್ವಲ್ಪ ಹೊತ್ತು ದಿಟ್ಟಿಸಿದರು.

"ಈ ಸತು ಅಕ್ಕಿಯದ್ದಲ್ಲಮ್ಮ, ನಿಂದು," ಅಂದರು.

ನಾನು ದಿನಾ ಬೆಳಿಗ್ಗೆ ಧಾರಾಳವಾಗಿ ಬಳಿದುಕೊಂಡು ಹೋಗುತ್ತಿದ್ದ ಪೌಡರಿನಲ್ಲಿ ಸತು ಇತ್ತು. ಬಗ್ಗಿ ಕೆಲಸ ಮಾಡುವಾಗ ಅದು ಶೀಷೆಗೆ ಉದುರುತ್ತಿತ್ತು. ಇಡೀ ಪ್ರಯೋಗಾಲಯ ನಕ್ಕಿತು. ಸಾಮಾನು ಇಡುವ ಕೋಣೆಗೆ ಹೋಗಿ ಅತ್ತೆ. ಅಂದಿನಿಂದ ಇವತ್ತಿನವರೆಗೆ ಪೌಡರ್ ಮುಟ್ಟಿಲ್ಲ. ಮದುವೆಮನೆಗಳಲ್ಲಿ ನನ್ನ ಮುಖ ನೋಡಿ ಹುಷಾರಿಲ್ಲವೇ ಎಂದು ಕೇಳುವವರು ಈಗಲೂ ಇದ್ದಾರೆ.

ಆಗ ನಮ್ಮಲ್ಲಿದ್ದ ಯಂತ್ರ ಒಂದು ಸಲಕ್ಕೆ ಒಂದೇ ಲೋಹ ತೋರಿಸುತ್ತಿತ್ತು. ಸೀಸ ಬೇಕಾದರೆ ಸೀಸದ ದೀಪ, ಕ್ಯಾಡ್ಮಿಯಂ ಬೇಕಾದರೆ ಅದರ ದೀಪ, ಬದಲಿಸುತ್ತಲೇ ಇರಬೇಕು. ಸೊಪ್ಪನ್ನು ಒಣಗಿಸಿ, ಪುಡಿ ಮಾಡಿ, ಆಸಿಡ್ಡಿನಲ್ಲಿ ಕುದಿಸುವಾಗ ಕಂದು ಹೊಗೆ ಏಳುತ್ತಿತ್ತು, ನಮ್ಮ ಸೀರೆಯ ಸೆರಗೆಲ್ಲ ತೂತು. ಈಗಿನ ಯಂತ್ರ ಒಂದೇ ಹನಿಯಲ್ಲಿ ಎಲ್ಲ ಲೋಹಗಳ ಜಾತಕ ಹೇಳುತ್ತದೆ. ಸಂತೋಷವೇ. ಆದರೆ ಆ ಹನಿ ಎಲ್ಲಿಂದ ಬಂತು ಎಂದು ಹಳೆಯದೂ ಕೇಳುತ್ತಿರಲಿಲ್ಲ, ಹೊಸದೂ ಕೇಳುವುದಿಲ್ಲ.

ಎರಡನೆಯ ನಾಚಿಕೆ ಸೊರಬದ ಕಡೆಯದು. ಕ್ಯಾಸನೂರಿನ ಸುತ್ತಲ ಕಾಡಂಚಿನ ಊರುಗಳಿಂದ ಬಾವಿ ನೀರು, ಅಕ್ಕಿ ತರುವ ಕೆಲಸ ಬಂತು. ಐಸ್ ತುಂಬಿದ ಪೆಟ್ಟಿಗೆ ಹಿಡಿದು ಜೀಪಿನಿಂದ ಇಳಿದದ್ದೇ ತಡ, ಜನ ತಾವಾಗಿಯೇ ಸಾಲಾಗಿ ಬಂದು ನಿಂತರು. ಮಂಗನ ಕಾಯಿಲೆಯ ಕಾಲದಿಂದ ಇಂಥ ಪೆಟ್ಟಿಗೆ ಬಂತೆಂದರೆ ರಕ್ತ ಕೊಡುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು. ಮುಂದೆ ನಿಂತಿದ್ದ ಹಿರಿಯರೊಬ್ಬರು ಅಂಗಿಯ ತೋಳು ಮಡಚಿ, ಬಲಗೈಯಲ್ಲಿ ನರ ಸಿಗುವುದಿಲ್ಲ, ಎಡಗೈಯಲ್ಲೇ ತೆಗೆದುಕೊಳ್ಳಿ ಎಂದು ಸಲಹೆಯನ್ನೂ ಕೊಟ್ಟರು. ನಮಗೆ ರಕ್ತ ಬೇಡ, ಮನೆಯ ಅಕ್ಕಿ ಬೇಕು ಅಂದೆ. ಅವರು ತೋಳು ಇಳಿಸಿಕೊಂಡು, ಅಕ್ಕಿಗೂ ಜ್ವರ ಬಂತಾ ಎಂದು ಕೇಳಿದರು. ನಕ್ಕೆವು. ಅಕ್ಕಿ ಕೊಡುವಾಗ ಅವರು ಒಂದೇ ಮಾತು ಹೇಳಿದರು. ಇಷ್ಟು ದಿನ ತಗೊಂಡು ಹೋದವರು ಯಾರೂ ಏನಾಯ್ತು ಅಂತ ವಾಪಸು ಬಂದು ಹೇಳಿಲ್ಲ, ನೀವಾದರೂ ಹೇಳಿ ಅಂದರು. ಖಂಡಿತ ಹೇಳುತ್ತೇನೆ ಅಂದೆ.

ಹೇಳಲಿಲ್ಲ. ಎಲ್ಲ ಚೆನ್ನಾಗಿಯೇ ಇತ್ತು, ವರದಿ ಮೇಲಕ್ಕೆ ಹೋಯಿತು, ಚೆನ್ನಾಗಿದೆ ಎಂದು ಹೇಳಲು ಅಷ್ಟು ದೂರ ಯಾರು ಹೋಗುತ್ತಾರೆ ಎಂದು ಸುಮ್ಮನಾದೆ. ವರ್ಷಗಳಾದ ಮೇಲೆ ಸೊರಬದ ಬಸ್ ನಿಲ್ದಾಣದಲ್ಲಿ ಅವರೇ ನನ್ನನ್ನು ಗುರುತು ಹಿಡಿದು ಹತ್ತಿರ ಬಂದರು.

"ನಮ್ಮ ಅಕ್ಕಿ ಹೆಂಗಿತ್ತು ಕಡಿಗೆ?"

ಚೆನ್ನಾಗಿತ್ತು, ಏನೂ ತೊಂದರೆ ಇರಲಿಲ್ಲ ಅಂದೆ.

"ಹಂಗಾರೆ ಅಡ್ಡಿಲ್ಲ. ನಾವು ಹೆಂಗೂ ಉಂಡು ಮುಗಿಸಿದ್ವಿ," ಅಂದರು.

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಬಸ್ಸಿನಲ್ಲಿ ಶಿಕಾರಿಪುರ ಮುಟ್ಟುವವರೆಗೆ ತಲೆ ಎತ್ತಲಿಲ್ಲ. ಇನ್ನು ಮುಂದೆ ಯಾರ ಮನೆಯಿಂದ ಏನು ತಂದರೂ ಫಲಿತಾಂಶವನ್ನು ನಾನೇ ಅವರಿಗೆ ಹೇಳುತ್ತೇನೆ ಎಂದು ಆವತ್ತು ನಿಶ್ಚಯ ಮಾಡಿದೆ. ಒಳ್ಳೆಯ ನಿಶ್ಚಯವೇ. ಅದರಿಂದಲೇ ಮುಂದಿನ ಅನಾಹುತ ಆಯಿತು.

ಶಿಕಾರಿಪುರದಿಂದ ಆನವಟ್ಟಿಯ ಕಡೆಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕಾದ ಒಂದು ಊರು. ಹೆಸರು ಬೇಡ. ಊರಿನ ಅಂಚಿನಲ್ಲಿ ಯಾರೋ ಹೊರಗಿನವರು ತಗಡಿನ ಶೆಡ್ ಹಾಕಿ, ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರು. ಅದರ ಪಕ್ಕದ ಬೀಳಿನಲ್ಲಿ ಮೇಯ್ದ ಕುರಿಗಳು ಕಣ್ಣು ಕಾಣದೆ ಗೋಡೆಗೆ ತಲೆ ಒತ್ತಿಕೊಂಡು ನಿಂತು ಸಾಯತೊಡಗಿದವು. ಕುರಿ ಹನುಮಕ್ಕನವು. ಹನುಮಕ್ಕ ನನ್ನ ವಾರಿಗೆಯವರು, ಗಂಡ ಇಲ್ಲ, ಮಗ ಮತ್ತು ಸೊಸೆಯ ಜೊತೆ ಸ್ವಲ್ಪ ಹೊಲ, ಒಂದಿಷ್ಟು ಕುರಿ ನೋಡಿಕೊಂಡು ಇದ್ದವರು. ತಾಲ್ಲೂಕು ಕಚೇರಿಯಲ್ಲಿ ಸತ್ತ ಕುರಿಯನ್ನೇ ತಂದು ಮೆಟ್ಟಿಲ ಮೇಲೆ ಮಲಗಿಸಿ ಕೂತರಂತೆ. ಹಾಗಾಗಿ ಕೆಲಸ ನಮ್ಮವರೆಗೆ ಬಂತು.

ನಾವು ಹೋದ ದಿನ ಹನುಮಕ್ಕ ನನ್ನನ್ನು ಕುರಿ ದೊಡ್ಡಿಯ ಹಿಂದಕ್ಕೆ ಕರೆದುಕೊಂಡು ಹೋದರು. ಮುಖ್ಯಸ್ಥರು ಗಂಡಸು, ಅವರ ಎದುರಿಗೆ ಹೇಳುವ ಮಾತಲ್ಲ ಎಂದು.

"ಕುರಿ ಹೋದ್ರೆ ಹೋಗ್ಲಿ ರೀ. ಸೊಸಿಗೆ ಮೊದಲ್ನೇ ಬಸುರು ನಿಲ್ಲಲಿಲ್ಲ. ಇನ್ನೊಂದು ಸಲ ಆದ್ರೆ ಅವಳಿಗೆ ಏನು ಉಣ್ಣಾಕ ಹಾಕಬೇಕು, ಏನು ಬ್ಯಾಡ, ಅಷ್ಟು ಹೇಳ್ರಿ ಸಾಕು."

ಖಂಡಿತ ಹೇಳುತ್ತೇನೆ ಅಂದೆ. ಈ ಸಲ ಮಾತು ತಪ್ಪುವವಳಲ್ಲ ನಾನು.

ಈಗ ಮಾದರಿ ತೆಗೆಯುವ ಕ್ರಮ ಹೇಳಬೇಕು. ಸೊಪ್ಪಾದರೆ ನಾವೇ ಹಿತ್ತಲಿಗೆ ಇಳಿದು, ನಮ್ಮ ಕೈಯಲ್ಲೇ ಕಿತ್ತು, ಅಲ್ಲೇ ಚೀಲಕ್ಕೆ ಹಾಕಬೇಕು. ಅಂಜನಾಪುರದ ನಾಲೆಯ ಕೆಳಗೆ ಭತ್ತ ತೆಗೆಯುವಾಗ ನಾನು ಮೊಣಕಾಲು ಮುಳುಗುವ ಕೆಸರಿಗೆ ಇಳಿದಿದ್ದೇನೆ, ಯಾಕೆಂದರೆ ಗದ್ದೆ ಎದ್ದು ನಮ್ಮ ಹತ್ತಿರ ಬರುವುದಿಲ್ಲ. ಈ ಊರಿನಲ್ಲಿ ಮಾತ್ರ ಸೊಪ್ಪೇ ನಮ್ಮ ಹತ್ತಿರ ಬಂತು. ಹಿಂದಿನ ದಿನ ನಾನೇ ಹನುಮಕ್ಕನ ಮಗನಿಗೆ ಫೋನ್ ಮಾಡಿ, ನಾಳೆ ಬರುತ್ತೇವೆ, ನಿಮ್ಮ ಮನೆ ಮತ್ತು ಅಕ್ಕಪಕ್ಕದ ಮನೆಗಳ ಸೊಪ್ಪು ಬೇಕಾಗುತ್ತದೆ ಎಂದು ಹೇಳಿದ್ದೆ. ಹೋಗುವಷ್ಟರಲ್ಲಿ ಜಗಲಿಯ ಮೇಲೆ ಬಿದಿರಿನ ಮೊರಗಳಲ್ಲಿ ಹರಿವೆ ಸೊಪ್ಪು ಸಿದ್ಧವಾಗಿತ್ತು. ಮನೆಗೊಂದು ಮೊರ. ಬೇರು ಕತ್ತರಿಸಿ, ತೊಳೆದು, ಬಾಳೆನಾರಿನಲ್ಲಿ ಕಟ್ಟಿ ಇಟ್ಟಿದ್ದರು. ಮುಖ್ಯಸ್ಥರು ಗಡಿಯಾರ ನೋಡಿದರು. ಹೊಸ ಬೂಟು ಹಾಕಿದ್ದರು, ಹಿತ್ತಲೆಲ್ಲ ಕುರಿಗೊಬ್ಬರದ ರಾಡಿ. ಇಷ್ಟು ಚೊಕ್ಕವಾಗಿ ಕೊಟ್ಟಿರುವಾಗ ಮತ್ತೇನು ಅಂದರು. ನಾನೂ ಹೂಂ ಅಂದೆ. ಶೆಡ್ಡಿನ ಪಕ್ಕದ ಮಣ್ಣನ್ನು ಮಾತ್ರ ನಾವೇ ಅಗೆದು ತಂದೆವು.

ಮಣ್ಣಿನಲ್ಲಿ ಸೀಸ ಎಷ್ಟಿತ್ತೆಂದರೆ ಯಂತ್ರ ಅಳತೆ ಮೀರಿದೆ ಎಂದು ನಿಂತುಬಿಟ್ಟಿತು, ನೀರು ಬೆರೆಸಿ ತೆಳ್ಳಗೆ ಮಾಡಿ ಮತ್ತೆ ಅಳೆದೆವು. ಸೊಪ್ಪಿನಲ್ಲಿ ಏನೂ ಇಲ್ಲ. ಯಾವ ಮನೆಯ ಸೊಪ್ಪಿನಲ್ಲೂ ಇಲ್ಲ. ಒಂದಕ್ಕೊಂದು ಅಂಕಿಗಳು ಅಷ್ಟು ಚೆನ್ನಾಗಿ ಹೊಂದಿಕೊಂಡಿದ್ದವು. ಅನುಮಾನ ಪಡಬೇಕಾದ ಜಾಗದಲ್ಲಿ ನಾವು ಹೆಮ್ಮೆ ಪಟ್ಟೆವು. ಮುಖ್ಯಸ್ಥರು ಅದಕ್ಕೊಂದು ವಿವರಣೆಯನ್ನೂ ಕಟ್ಟಿದರು. ಈ ಭಾಗದ ಜೇಡಿಮಣ್ಣು ಸೀಸವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಬಿಟ್ಟುಕೊಡುವುದಿಲ್ಲ ಎಂದು. ಅದನ್ನು ಒಂದು ವಿಚಾರಸಂಕಿರಣದಲ್ಲಿ ನಾನೇ ಓದಿದೆ. ಚಪ್ಪಾಳೆ ಹೊಡೆದರು. ರೇಷ್ಮೆ ಸೀರೆ ಉಟ್ಟಿದ್ದೆ.

ಮತ್ತು ಫೋನ್ ಮಾಡಿದೆ. ಮೇಲಿನವರ ಅನುಮತಿಗೂ ಕಾಯದೆ ಮಾಡಿದೆ. ಹನುಮಕ್ಕ, ಸೊಪ್ಪಿನಲ್ಲಿ ಏನೂ ಇಲ್ಲ, ಸೊಸೆಗೆ ಧಾರಾಳವಾಗಿ ಹಾಕಿ, ಹರಿವೆ ರಕ್ತಕ್ಕೆ ಒಳ್ಳೆಯದು, ದಿನಾ ಹಾಕಿದರೂ ಸರಿ ಅಂದೆ. ಕೇಳದೆ ಇದ್ದ ಸಲಹೆಯನ್ನೂ ಸೇರಿಸಿ ಕೊಟ್ಟೆ. ಆ ಕಡೆ ಹನುಮಕ್ಕ, ನಿಮ್ಮ ಹೊಟ್ಟೆ ತಣ್ಣಗಿರಲಿ ರೀ ಅಂದರು. ಕ್ಯಾಸನೂರಿನ ಕಡೆಯ ಹಿರಿಯರ ಋಣ ತೀರಿತು ಎಂದುಕೊಂಡೆ.

ಶೆಡ್ಡಿನವರು ತಮ್ಮಷ್ಟಕ್ಕೆ ತಗಡು ಕಿತ್ತುಕೊಂಡು ಹೋದರು. ಒಂದು ಮಳೆಗಾಲ ಕಳೆಯಿತು. ಅಲ್ಲಿಯ ಮಣ್ಣನ್ನು ಇನ್ನೊಮ್ಮೆ ನೋಡಬೇಕೆಂದು ಆದೇಶ ಬಂತು. ಈ ಸಲ ನಾನೊಬ್ಬಳೇ ಹೋದೆ. ಯಾರಿಗೂ ಮೊದಲು ಹೇಳಿರಲಿಲ್ಲ. ಮಣ್ಣು ತುಂಬಿಕೊಂಡು ಹೊರಟಾಗ ಹನುಮಕ್ಕ ನೋಡಿ, ಊಟ ಮಾಡಿಸದೆ ಬಿಡಲಿಲ್ಲ. ಸೊಸೆ ಗಿರಿಜಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನಕ್ಕಳು. ಆರು ತಿಂಗಳ ಬಸುರಿ. ಈ ಸಲ ನಿಂತಿದೆ ಎಂದು ಹನುಮಕ್ಕನ ಮುಖದಲ್ಲೇ ಕಾಣುತ್ತಿತ್ತು.

ತಟ್ಟೆಗೆ ರೊಟ್ಟಿ, ಹರಿವೆ ಸೊಪ್ಪಿನ ಪಲ್ಯ ಬಂತು. ಒಂದು ತುತ್ತು ತಿಂದು, ಚೆನ್ನಾಗಿದೆ ಅಂದೆ.

"ಇದು ನಮ್ಮ ಹಿತ್ತಲದ್ದೇ ರೀ," ಅಂದರು ಹನುಮಕ್ಕ. "ಆ ಶೆಡ್ ಹೋದ ಮ್ಯಾಲೆ ಎಲಿ ಎಷ್ಟು ಹಸನಾಗೈತಿ. ಅವತ್ತು ನೀವು ಬಂದಾಗ ಎಲಿ ಮ್ಯಾಲೆಲ್ಲ ಕರಿ ಧೂಳು ಕುಂತಿತ್ತು. ಅಂಥ ಸೊಪ್ಪು ದೊಡ್ಡೋರ ಕೈಯಾಗೆ ಹೆಂಗೆ ಕೊಡೋದು? ನಾಚಿಕಿ ಆತು. ಮಗನ್ನ ಬೈಕ್ ಮ್ಯಾಲೆ ಆನವಟ್ಟಿ ಸಂತಿಗೆ ಕಳ್ಸಿ ತರ್ಸಿದ್ದೆ. ನಮ್ಮನೀಗಷ್ಟೇ ಅಲ್ಲ, ಓಣಿಗೆಲ್ಲ ಹಂಚಿದ್ದೆ."

ನನ್ನ ಕೈ ತಟ್ಟೆಯ ಮೇಲೆ ನಿಂತುಬಿಟ್ಟಿತು.

ನಾನೇನು ಪರದೇಶದಿಂದ ಬಂದವಳಲ್ಲ. ಇದೇ ಸೀಮೆಯಲ್ಲಿ ಬೆಳೆದವಳು. ನೆಂಟರು ಬಂದರೆ ನಮ್ಮವ್ವ ದಿನಾ ಉಣ್ಣುವ ನುಚ್ಚಕ್ಕಿಯ ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿ, ಪಕ್ಕದ ಮನೆಯಿಂದ ಸಣ್ಣಕ್ಕಿ ಕಡ ತರುತ್ತಿದ್ದಳು. ತರಲು ಹೋಗುತ್ತಿದ್ದವಳು ನಾನೇ. ಈ ಕಡೆಯ ಯಾವ ಮನೆಯವರೂ ತಾವು ತಿನ್ನುವುದನ್ನು ಬಂದವರಿಗೆ ಕೊಡುವುದಿಲ್ಲ, ಕೊಡಲು ಚಂದವಾದದ್ದನ್ನು ತಂದು ಕೊಡುತ್ತಾರೆ. ಇದು ಮುಖ್ಯಸ್ಥರಿಗೆ ಗೊತ್ತಿಲ್ಲದಿದ್ದರೆ ಕ್ಷಮಿಸಬಹುದು, ಅವರು ಪಟ್ಟಣದವರು. ನನಗೆ ಗೊತ್ತಿತ್ತು. ಯಂತ್ರದ ಮುಂದೆ ಕೂತು ಕೂತು ಮರೆತಿದ್ದೆ. ಆನವಟ್ಟಿ ಸಂತೆಯ ಸೊಪ್ಪಿಗೆ ಸಿದ್ಧಾಂತ ಕಟ್ಟಿ ಚಪ್ಪಾಳೆ ಹೊಡೆಸಿಕೊಂಡಿದ್ದೆ.

ಧೂಳು ಹೋಗಿತ್ತು, ಸೀಸ ಹೋಗಿರಲಿಲ್ಲ. ಸೀಸ ಎಲ್ಲಿಗೂ ಹೋಗುವುದಿಲ್ಲ, ಮೇಲ್ಮಣ್ಣಿನಲ್ಲೇ ಕೂತಿರುತ್ತದೆ. ಮಳೆ ಬಿದ್ದಾಗ ಮಣ್ಣು ಸಿಡಿದು ಎಲೆಗೆ ಮೆತ್ತಿಕೊಳ್ಳುತ್ತದೆ, ತೊಳೆದರೂ ಪೂರ್ತಿ ಹೋಗುವುದಿಲ್ಲ. ಇದೆಲ್ಲ ನನಗೆ ಬಾಯಿಪಾಠ.

ಬಾಗಿಲಲ್ಲಿ ನಿಂತಿದ್ದ ಗಿರಿಜಾ ನನ್ನ ಕೈಯನ್ನು ನೋಡುತ್ತಿದ್ದಳು.

"ಯಾಕ್ರೀ ಮೇಡಂ, ತಿನ್ನಬಾರದಾ ಅದನ್ನ?"

ದಿನಾ ತಿನ್ನಬಹುದು ಎಂದು ಅವಳಿಗೆ ಹೇಳಿದ್ದವಳು ನಾನು. ಅದೇ ಪಲ್ಯ ನನ್ನ ತಟ್ಟೆಗೆ ಬಂದಾಗ ನನ್ನ ಕೈ ಏಳಲಿಲ್ಲ. ಇಷ್ಟೇ ಆಗಿದ್ದರೆ ನಾಚಿಕೆಗೆ ಒಂದು ಮಿತಿ ಇರುತ್ತಿತ್ತು. ನಾನು ಹೇಳಿದ್ದೇನು ಗೊತ್ತೇ? ಹೊಟ್ಟೆ ಯಾಕೋ ಸರಿಯಿಲ್ಲಮ್ಮ ಅಂದೆ. ಹನುಮಕ್ಕ ತಕ್ಷಣ ಎದ್ದು ಮಜ್ಜಿಗೆಗೆ ಇಂಗು, ಉಪ್ಪು ಕದಡಿ ತಂದು, ಬೆನ್ನು ಸವರಿ, ಕುಡೀರಿ, ತಣ್ಣಗಾಗತೈತಿ ಅಂದರು. ಲೋಟ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಅಳು ಬಂತು. ಆಮೇಲೆ ಎಲ್ಲ ಹೇಳಿದೆ. ಹೊಟ್ಟೆ ಸರಿಯಿದೆ, ಸೊಪ್ಪು ಸರಿಯಿಲ್ಲದೆ ಇರಬಹುದು, ನಾನು ಪರೀಕ್ಷೆ ಮಾಡಿದ್ದು ನಿಮ್ಮ ಸೊಪ್ಪನ್ನಲ್ಲ, ಇವತ್ತಿನಿಂದ ಹಿತ್ತಲದ್ದು ಏನನ್ನೂ ಮುಟ್ಟಬೇಡಿ, ಓಣಿಯವರಿಗೂ ಹೇಳಿ ಎಂದೆ. ಗಿರಿಜಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋದಳು.

ಹನುಮಕ್ಕ ನನ್ನನ್ನು ಬೈಯುತ್ತಾರೆ ಎಂದು ಕಾದೆ. ಅವರು ತಮ್ಮ ಹಣೆಯನ್ನೇ ಬಡಿದುಕೊಂಡರು.

"ನಂದೇ ತಪ್ಪು ರೀ. ಕರೀ ಸೊಪ್ಪೇ ಕೊಟ್ಟಿದ್ರೆ ಆಗ್ತಿತ್ತು. ಮರ್ಯಾದಿ ನೋಡ್ಕಂಡೆ."

ತಪ್ಪು ನಿಮ್ಮದಲ್ಲ, ನನ್ನದು ಅಂದೆ. ನಾವು ಬಗ್ಗಿ ಕೀಳಬೇಕಿತ್ತು ಅಂದೆ. ಅವರ ಕಿವಿಗೆ ಬೀಳಲಿಲ್ಲ. ಹಿತ್ತಲಿಗೆ ಇಳಿದು ನನ್ನ ಕೈಯಿಂದಲೇ ಹರಿವೆ ಕಿತ್ತೆ, ಬೇರು ಮಣ್ಣು ಸಮೇತ. ಕಾಲೆಲ್ಲ ಗೊಬ್ಬರದ ರಾಡಿಯಾಯಿತು. ಇದಕ್ಕೆ ಹಿಡಿದದ್ದು ಹತ್ತು ನಿಮಿಷ, ಮೊದಲ ಸಲ ನಾವು ಉಳಿಸಿಕೊಂಡದ್ದು ಅಷ್ಟೇ ಹೊತ್ತು.

ಫಲಿತಾಂಶ ನಾನು ಹೆದರಿದ ಹಾಗೆಯೇ ಬಂತು. ಗಿರಿಜಾಳ ರಕ್ತ ಪರೀಕ್ಷೆ ಮಾಡಿಸಿದೆವು, ಅದರಲ್ಲೂ ಇರಬಾರದಷ್ಟು ಸೀಸ ಇತ್ತು. ಡಾಕ್ಟರು ಕಬ್ಬಿಣ, ಸುಣ್ಣದ ಮಾತ್ರೆ ಕೊಟ್ಟು, ಆ ಮನೆಯಿಂದ ದೂರ ಇರಲಿ ಅಂದರು. ಅವಳು ಸೊರಬದ ಹತ್ತಿರದ ತವರಿಗೆ ಹೋದಳು. ಹೋದ ಮೇಲೆ ನನ್ನ ಫೋನ್ ತೆಗೆಯಲಿಲ್ಲ. ತೆಗೆಯಬೇಕೆಂದು ನಾನು ಯಾವ ಬಾಯಿಂದ ಬಯಸಲಿ?

ಇತ್ತ ಮುಖ್ಯಸ್ಥರು ತಿದ್ದುಪಡಿ ವರದಿ ಬರೆದರು. ಗ್ರಾಮಸ್ಥರು ತಪ್ಪು ಮಾದರಿ ನೀಡಿ ದಾರಿ ತಪ್ಪಿಸಿದ್ದರಿಂದ ಹೀಗಾಯಿತು ಎಂದು ಒಂದು ವಾಕ್ಯ ಇತ್ತು. ನಾನು ಅವರ ಮುಂದೆ ಎಂದೂ ಎದುರು ಮಾತಾಡಿದವಳಲ್ಲ. ಆವತ್ತು ಆಡಿದೆ.

"ಸರ್, ಖಾಲಿ ಶೀಷೆಯಲ್ಲಿ ಕಂಡದ್ದು ನಮ್ಮದೇ ಅಂತ ನೀವೇ ನನಗೆ ಕಲಿಸಿದ್ದು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಆ ವಾಕ್ಯ ಹೊಡೆದುಹಾಕಿ, ಮಾದರಿಗಳನ್ನು ನಮ್ಮ ಸಿಬ್ಬಂದಿ ಸ್ವತಃ ಸಂಗ್ರಹಿಸಿರಲಿಲ್ಲ ಎಂದು ಬರೆದರು. ಅವರ ಮೇಲೆ ನನಗಿರುವ ಗೌರವ ಆ ಒಂದು ಸಾಲಿನಿಂದ ಉಳಿದಿದೆ. ವಿಚಾರಸಂಕಿರಣದವರಿಗೂ ಬರೆದು ತಿಳಿಸಿದೆವು. ಅಲ್ಲಿಂದ ಉತ್ತರ ಬರಲಿಲ್ಲ. ಚಪ್ಪಾಳೆಯನ್ನು ವಾಪಸು ಕೊಡುವ ಕ್ರಮ ಎಲ್ಲೂ ಇಲ್ಲ.

ಗಿರಿಜಾಳಿಗೆ ಹೆಣ್ಣುಮಗು ಹುಟ್ಟಿತು. ಕೈಕಾಲು ಎಲ್ಲ ಚೆನ್ನಾಗಿದೆ. ಈಗ ಶಾಲೆಗೆ ಹೋಗುತ್ತದೆ. ಮಾತು ತಡವಾಗಿ ಬಂತು, ಅಕ್ಷರ ಬೇಗ ಹತ್ತುತ್ತಿಲ್ಲ. ಮಕ್ಕಳು ಅಂದ ಮೇಲೆ ಒಂದೊಂದು ಒಂದೊಂದು ಥರ ರೀ ಅನ್ನುತ್ತಾರೆ ಹನುಮಕ್ಕ. ಇರಬಹುದು. ಸೀಸದಿಂದಲೂ ಹಾಗಾಗುತ್ತದೆ, ಸೀಸ ಇಲ್ಲದೆಯೂ ಆಗುತ್ತದೆ. ಯಾವುದರಿಂದ ಎಂದು ಹೇಳುವ ಯಂತ್ರ ನಾನು ಕೆಲಸಕ್ಕೆ ಸೇರಿದಾಗಲೂ ಇರಲಿಲ್ಲ, ಈಗಲೂ ಇಲ್ಲ. ಆ ಮಗು ನನ್ನನ್ನು ಅಜ್ಜಿ ಅನ್ನುತ್ತದೆ. ಗಿರಿಜಾ ಈಗ ಮಾತಾಡುತ್ತಾಳೆ, ಆದರೆ ನನ್ನ ಮುಖ ನೋಡಿ ಅಲ್ಲ.

ಹೊಸದಾಗಿ ಸೇರಿದವರಿಗೆ ನಾನು ಹೇಳುವುದು ಇಷ್ಟು. ಬರುತ್ತೇವೆ ಎಂದು ಮುಂಚೆ ಹೇಳಿ ಹೋಗಬೇಡಿ. ಜಗಲಿಯ ಮೇಲೆ ಏನಿಟ್ಟಿದ್ದರೂ ಕೈಮುಗಿದು, ಹಿತ್ತಲಿಗೆ ನಡೆಯಿರಿ. ನೀವು ತಿನ್ನಬಹುದು ಎಂದು ಬರೆಯುವುದನ್ನು ಯಾರೋ ನಿಜವಾಗಿ ತಿನ್ನುತ್ತಾರೆ.

ಹೋದ ವಾರ ಹನುಮಕ್ಕ ಮೊಮ್ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಶಿಕಾರಿಪುರಕ್ಕೆ ಬಂದಿದ್ದರು. ಊರಿನ ಇನ್ನೊಂದು ತುದಿಯಲ್ಲಿ, ಶೆಡ್ಡಿನಿಂದ ದೂರ, ಹೊಸ ಜಾಗದಲ್ಲಿ ಸೊಪ್ಪು ಹಾಕಿದ್ದಾರೆ. ಚೀಲದಿಂದ ಒಂದು ದೊಡ್ಡ ಹಿಡಿ ಹರಿವೆ ತೆಗೆದು ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟರು. ಬೇರಿನ ತುಂಬ ಹಸಿ ಮಣ್ಣು, ಎಲೆಗಳಲ್ಲಿ ಹುಳು ತಿಂದ ತೂತು.

"ತೊಳೆದಿಲ್ಲ ರೀ," ಅಂದರು. "ಹೆಂಗ ಕಿತ್ತೆನೋ ಹಂಗೇ ತಂದೀನಿ."

ಎಂದೂ ಯಾರಿಗೂ ಹಾಗೆ ಕೊಟ್ಟವರಲ್ಲ ಅವರು. ಸ್ವಲ್ಪ ನಾಚಿಕೊಂಡೇ ಇಟ್ಟರು. ನನ್ನ ಹತ್ತಿರ ಈಗ ಯಂತ್ರ ಇಲ್ಲ, ಶೀಷೆ ಇಲ್ಲ, ಒಂದು ತೊಟ್ಟು ಆಸಿಡ್ ಇಲ್ಲ. ಆ ಹೊಸ ಜಾಗದ ಮಣ್ಣನ್ನು ಯಾರೂ ನೋಡಿಲ್ಲ, ಯಾರನ್ನಾದರೂ ಕಳಿಸಿಕೊಡಿ ಎಂದು ಹಳೆಯ ಕಚೇರಿಗೆ ಹೇಳಿದ್ದೇನೆ, ಇನ್ನೂ ಯಾರೂ ಬಂದಿಲ್ಲ. ನನ್ನ ಪಾಲಿಗೆ ಉಳಿದಿರುವುದು ನಲ್ಲಿ ನೀರು. ಸೊಪ್ಪನ್ನು ಮೂರು ನಾಲ್ಕು ಸಲ ತೊಳೆದೆ, ಹೆಚ್ಚಿದೆ, ಒಗ್ಗರಣೆ ಹಾಕಿದೆ. ಒಂದಿಷ್ಟನ್ನು ಮಣ್ಣಿನ ಸಮೇತ ಚೀಲಕ್ಕೆ ಹಾಕಿ ಹಳೆಯ ಕಚೇರಿಗೆ ಕಳಿಸಲು ಎತ್ತಿಟ್ಟೆ.

ಮಗುವಿಗೆ ಅನ್ನ ಮೊಸರು ಕಲಸಿ ಕೊಟ್ಟೆ. ಪಲ್ಯ ಅವಳಿಗೆ ಫಲಿತಾಂಶ ಬಂದ ಮೇಲೆ ಅಂದೆ. ಹನುಮಕ್ಕ ಹೂಂ ಎಂದು ತಲೆ ಆಡಿಸಿದರು. ನಮ್ಮಿಬ್ಬರಿಗೆ ಮಾತ್ರ ಪಲ್ಯ ಬಡಿಸಿಕೊಂಡು ಎದುರು ಬದುರು ಕೂತೆವು. ಅವರು ಊಟಕ್ಕೆ ಕೈ ಹಾಕಲಿಲ್ಲ. ನನ್ನ ಕೈಯನ್ನೇ ನೋಡುತ್ತಾ ಕೂತಿದ್ದರು.

ನಾನು ಮೊದಲನೆಯ ತುತ್ತು ತೆಗೆದುಕೊಂಡೆ. ಕೈ ನಿಲ್ಲದ ಹಾಗೆ ನೋಡಿಕೊಂಡೆ.